ಸುಂಕಮ್ಮನ ಬಾಜೂ ಸೀಟು

ಕೊಟ್ಟೂರಿನಲ್ಲಿ ಅಂದು ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಆರಾದರೂ ಬಿಟ್ಟಿರಲಿಲ್ಲ. ಮೊದಲ ಹನಿಗೇ ಕರೆಂಟು ಹೋಗಿತ್ತು. ಅದಕ್ಕೆ ನೆಗಡಿಯ ಭಯ. ಸುಂಕಮ್ಮನ ಮನೆಯ ಪಡಸಾಲೆ ಹೊತ್ತಿಗೆ ಮುಂಚೆಯೇ ಕತ್ತಲಾಗಿತ್ತು. ಸೊಸೆ ಸೌಭಾಗ್ಯ ನೆಲದ ಮೇಲೆ ಹಚ್ಚಿಟ್ಟ ಒಂದೇ ಒಂದು ಮೇಣದ ಬತ್ತಿ ಅಲ್ಲಿದ್ದವರ ಮೊಣಕಾಲುಗಳನ್ನು ಮಾತ್ರ ಬೆಳಗುತ್ತಿತ್ತು. ಮುಖ ಯಾರದೂ ಪೂರ್ತಿ ಕಾಣುತ್ತಿರಲಿಲ್ಲ.

ಇದ್ದದ್ದು ನಾಲ್ಕು ಜನ. ಎಲೆಅಡಿಕೆಯ ತಟ್ಟೆ ಮುಂದಿಟ್ಟುಕೊಂಡ ಅರವತ್ತಾರರ ಸುಂಕಮ್ಮ, ಸೌಭಾಗ್ಯ, ಮೊಮ್ಮಗಳು ಮೇಘಾ. ಮೇಘಾ ಹರಪನಹಳ್ಳಿಯಲ್ಲಿ ಬಿ.ಎ. ಓದುತ್ತಿದ್ದಳು, ಓದುತ್ತಿದ್ದಳು ಎನ್ನುವುದಕ್ಕಿಂತ ಅಲ್ಲಿನ ಮೇಷ್ಟ್ರುಗಳ ದನಿಗಳನ್ನು ಕದ್ದು ಮನೆಗೆ ತರುತ್ತಿದ್ದಳು. ಇತಿಹಾಸದವರ ಕೆಮ್ಮು, ಅರ್ಥಶಾಸ್ತ್ರದವರ ಮೂಗು, ಪ್ರಿನ್ಸಿಪಾಲರ ಮೈಕಿನ ಕೊರಕೊರ ಎಲ್ಲ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ನಾಲ್ಕನೆಯವರು ಪಂಚಾಕ್ಷರಪ್ಪ, ಊರಿನ ಮೆಕ್ಕೆಜೋಳದ ವ್ಯಾಪಾರಿ. ಸುಂಕಮ್ಮನ ಗಂಡ ಯರ್ರಿಸ್ವಾಮಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಓಡಿಸಿದ್ದು ಇವರ ಲಾರಿಯನ್ನೇ.

ಪಂಚಾಕ್ಷರಪ್ಪ ಮಳೆಗೆ ಸಿಕ್ಕಿಕೊಂಡು ಇಲ್ಲಿ ಕೂತವರಲ್ಲ ಎಂದು ಮೇಘಾಗೆ ಗೊತ್ತಿತ್ತು. ಅವಳ ಅಪ್ಪ ದುರುಗೇಶ ಬೆಳಿಗ್ಗೆ ಫೋನಿನಲ್ಲಿ, "ನಮ್ಮವ್ವ ನನ್ನ ಮಾತು ಕೇಳಂಗಿಲ್ರಿ ಸಾವ್ಕಾರ್ರೇ, ನೀವರ ಒಂದು ಮಾತು ಹೇಳಿ ಕೀಲಿ ಇಸಗೊಂಡು ಬರ್ರಿ," ಎಂದದ್ದನ್ನು ಅವಳು ಬಾಗಿಲ ಹಿಂದೆ ನಿಂತು ಕೇಳಿದ್ದಳು. ಅಂಗಳದಲ್ಲಿ ತಗಡಿನ ಕೆಳಗೆ ನಿಂತಿದ್ದ ಬಿಳಿ ಬಣ್ಣದ ಹಳೆಯ ಕಾರಿನ ಕೀಲಿ ಅದು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಓಡಾಡುತ್ತಿದ್ದಳು.

ಮೂರನೆಯ ಚಹಾ ಮುಗಿದ ಮೇಲೆ ಪಂಚಾಕ್ಷರಪ್ಪ ಗಂಟಲು ಸರಿಮಾಡಿಕೊಂಡರು. "ಸುಂಕವ್ವ, ನಾ ನಿಮ್ಮಣ್ಣ ಇದ್ದಂಗ. ಈ ವಯಸ್ಸಿನ್ಯಾಗ ಒಬ್ಬಾಕಿನ ಕಾರು ತಗೊಂಡು ಕೂಡ್ಲಿಗಿ, ಹಡಗಲಿ ಅಂತ ಅಡ್ಡಾಡೋದು ಚಂದಲ್ಲವ್ವ. ಮಂದಿ ಏನಂದಾರು?"

ಸುಂಕಮ್ಮ ಅಡಕತ್ತಿನಲ್ಲಿ ಅಡಿಕೆ ಕತ್ತರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಒಬ್ಬಾಕಿ ಅಂತ ಯಾರಂದ್ರು ನಿಮಗ?"

ಹೆಂಚಿನ ಮೇಲೆ ಮಳೆಯ ಸದ್ದು ಜೋರಾಯಿತು. ಸೌಭಾಗ್ಯ, "ಅತ್ತಿ, ಈಗ ಬ್ಯಾಡ್ರಿ ಅದು," ಎಂದಳು. ಬೇಡ ಎಂದರೆ ಸುಂಕಮ್ಮನಿಗೆ ಬೇಕು ಎಂದೇ ಕೇಳಿಸುತ್ತಿತ್ತು.

"ಕೇಳ್ರಿ ಹಂಗಾರ. ಮ್ಯಾಲೆ ಸರಿದು ಕುಂದ್ರು ಮೇಘವ್ವ, ಬಾಗಿಲದಾಗ ಹನಿ ಸಿಡೀತಾವು. ಆದ್ರ ಸಾವ್ಕಾರ್ರೇ, ನಡುವ ನಡುವ ಶಿವಶಿವ ಅನಬ್ಯಾಡ್ರಿ, ಕತಿ ಹರದು ಹೋಗ್ತೈತಿ.

"ನಾ ಈ ಮನಿಗೆ ಬಂದಾಗ ನನಗ ಇಪ್ಪತ್ತೊಂದು. ಬಂದ ವಾರದಾಗ ಇವರು ಒಂದು ಮಾತು ಕೊಟ್ರು... ಒಂದು ವಾರ ಲಾರಿ ಬಿಟ್ಟು ನಿನ್ನ ಎಲ್ಲಾ ಕಡಿ ಕರ್ಕೊಂಡು ಹೋಗ್ತೀನಿ ಅಂತ. ನೀಲಗುಂದದ ಗುಡಿ, ಹರಪನಹಳ್ಳಿ ಪ್ಯಾಟಿ, ಅಲ್ಲಿ ಕೆರಿ, ಅಂಕಸಮುದ್ರದ ಹಕ್ಕಿ, ಹಗರಿಬೊಮ್ಮನಹಳ್ಳಿ ಕಡೆ ಹಿನ್ನೀರು... ಹಿನ್ನೀರಂದ್ರ ಸಮುದ್ರ ಇದ್ದಂಗ ಐತಿ, ಆಚಿ ದಂಡಿ ಕಾಣಂಗಿಲ್ಲ ಅನ್ನೋರು. ದಿನಾ ಅದೇ ದಾರಿ ಹಿಡಿದು ತಾವು ಹೋಗೋರು, ಬರೋರು. ಲಾರಿ ಬಾಜೂ ಸೀಟಿನ್ಯಾಗ ಕ್ಲೀನರ್ ಕುಂತ, ಜ್ವಾಳದ ಚೀಲ ಕುಂತ್ವು, ಒಂದಿನ ಯಾರದೋ ಆಡಿನಮರಿ ಕುಂತು ಬಂತು. ನಾ ಒಬ್ಬಾಕಿ ಕುಂದರ್ಲಿಲ್ಲ. ನಲವತ್ತೆರಡು ವರ್ಷ! ಕೇಳಿದಾಗೊಮ್ಮೆ ಏನು ಹೇಳೋರು?"

"ಮುಂದಿನ ವಾರ ನೋಡೂಣು ತಡಿಯಲೇ, ಎಲ್ಲಿ ಓಡಿ ಹೊಕ್ಕೈತಿ ನೀರು!"

ಪಂಚಾಕ್ಷರಪ್ಪ ಬೆಚ್ಚಿ, ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. ಬೀಡಿಯಿಂದ ಸವೆದ, ಕೊನೆಯ ಅಕ್ಷರವನ್ನು ಎಳೆದು ಬಿಡುವ ಆ ದನಿ ಯರ್ರಿಸ್ವಾಮಿಯದೇ. "ಥೇಟ್! ಥೇಟ್ ಅವನ!" ಎಂದರು. ಮೇಘಾಗೂ ಅಚ್ಚರಿ. ಈ ವಿದ್ಯೆ ತನಗೆ ಎಲ್ಲಿಂದ ಬಂತೆಂದು ಅವಳಿಗೆ ಈಗ ತಿಳಿದಂತಾಯಿತು. ಅಜ್ಜಿ ಮಾತ್ರ ನಗಲಿಲ್ಲ; ಎಲೆಯನ್ನು ಮಡಿಚಿ ಬಾಯಿಗಿಟ್ಟುಕೊಂಡಳು.

"ಅವರು ಹೋಗಿ ವರ್ಷ ತುಂಬಿದ ಮ್ಯಾಲೆ ನಾ ಹರಪನಹಳ್ಳಿಗೆ ಹೋಗಿ ಗಾಡಿ ಕಲ್ತೆ. ಎಲ್ ಬೋರ್ಡ್ ನೋಡಿದ ಮಂದಿ ಎಲ್ಲಾರೂ 'ಎಲ್ಲಿಗೆ, ಎಲ್ಲಿಗೆ' ಅನ್ನೋರು. ಗಂಡ ಚಾಲಕ, ಹೆಂಡ್ತಿ ಚಾಲಾಕಿ ಅಂತ ಹಿಂದಿಂದ ಆಡಿಕೊಂಡ್ರು. ಆಡಿಕೊಳ್ಳಿ. ಲೈಸೆನ್ಸ್ ಬಂತು. ಬಂದ ದಿನ ಇಲ್ಲೇ ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದ ಹುಲುಗೇಶ ಅಂತ ಒಬ್ಬ ಕಾರು ಬಾಡಿಗಿ ಕೊಡ್ತಾನಲ್ಲ, ಅವನ ಮುಂದ ಹೋಗಿ ನಿಂತೆ. 'ಅಮ್ಮಾರೆ, ಇದು ಸೆಲ್ಫ್ ಡ್ರೈವು, ಡ್ರೈವರ್ ಕೊಡಲ್ಲ, ನೀವೇ ಓಡಿಸ್ಕೊಂಡು ಹೋಗ್ಬೇಕಾಗುತ್ತೆ ನೋಡಿ' ಅಂದ. ಅದಕ್ಕ ಬಂದೀನಪ್ಪ ಅಂದೆ."

ಹುಲುಗೇಶನ ಮಾತನ್ನು ಅಜ್ಜಿ ಮೂಗಿನಲ್ಲಿ ಆಡಿದಳು. ಅದು ಹುಲುಗೇಶನಂತಿರಲಿಲ್ಲ, ನೆಗಡಿಯಾದ ಸುಂಕಮ್ಮನಂತಿತ್ತು. ಪಂಚಾಕ್ಷರಪ್ಪ ಮತ್ತೆ ನಕ್ಕರು. "ಅವ ಹಂಗ ಮಾತಾಡಂಗಿಲ್ಲ ಬಿಡು, ಗಂಡಂದು ಬಿಟ್ಟು ಬ್ಯಾರೆಯವರ ದನಿ ಬರಂಗಿಲ್ಲ ನಿನಗ."

"ಒಂದು ವಾರಕ್ಕ ಗಾಡಿ ತಗೊಂಡೆ. ಹೊರಡೋ ಮುಂದ ಅವ ಹತ್ತು ಸಲ ಹೇಳ್ದ, ಸೀಟಿಗೆ ಕಲಿ ಆಗಬಾರ್ದು ಅಂತ. ನನ್ನ ಕೈಯಾಗ ಮಂಡಕ್ಕಿ-ಮಿರ್ಚಿ ಪೊಟ್ಟಣ, ಎಣ್ಣಿ ಸೋರ್ತೈತಿ. ಏನು ಮಾಡ್ಲಿ? ಚೀಲದಾಗ ಇವರ ಕರಿ ಕಂಬಳಿ ಇತ್ತು. ಲಾರಿ ಸೀಟಿನ ಮ್ಯಾಲೆ ಹಾಕ್ಕೊಳ್ಳೋರಲ್ಲ, ಅದು. ರಾತ್ರಿ ಚಳಿಗೆ ಇರ್ಲಿ ಅಂತ ತಂದಿದ್ದೆ. ಅದನ್ನ ತಗದು ನಾಕು ಮಡಿಕಿ ಮಾಡಿ ಬಾಜೂ ಸೀಟಿಗೆ ಹಾಸಿ, ಅದರ ಮ್ಯಾಲೆ ಮಿರ್ಚಿ ಇಟ್ಟೆ... ಹಾಸಿದೆ. ಇಟ್ಟೆ. ತಿಳೀತೇನು ನಾ ಏನು ಮಾಡ್ದೆ ಅಂತ?"

ಪಂಚಾಕ್ಷರಪ್ಪನಿಗೆ ತಿಳಿಯಲಿಲ್ಲ. ಮೇಘಾಗೆ ತಿಳಿಯಿತು, ತಿಳಿದ ಕೂಡಲೇ ಕಾಲು ಮಡಿಚಿಕೊಂಡಳು.

"ಸಾವ್ಕಾರ್ರೇ, ನಿಮ್ಮಲ್ಲಿ ಹೆಂಗೋ ನನಗ ಗೊತ್ತಿಲ್ಲ. ನಮ್ಮದು ಕುರಿ ಕಾಯ್ದ ಮನಿ. ಕಂಬಳಿ ಹೊದ್ಕೊಂಡ್ರ ಹೊದಿಕಿ. ಅದನ್ನ ನಾಕು ಮಡಿಕಿ ಮಾಡಿ ಹಾಸಿದ್ರ ಅದು ಗದ್ದಿಗಿ. ಗದ್ದಿಗಿ ಹಾಸಿ ಬಾ ಅಂತ ಕರಿಯೋದು ಬ್ಯಾಡ, ಅದು ಕರದಂಗ. ದೇವರ ಕಂಬಳಿಗೆ ದೇವರು ಬರ್ತಾನ. ಸತ್ತವರ ಕಂಬಳಿಗೆ...? ಅದಕ್ಕ ಸತ್ತವರ ಕಂಬಳಿ ಮನ್ಯಾಗ ಇಟ್ಕೊಳ್ಳಂಗಿಲ್ಲ, ಹನ್ನೊಂದನೇ ದಿನ ಮೈಲಾರ ದೇವರ ಗೊರವಪ್ಪಗ ಕೊಟ್ಟು ಕಳಸ್ತೀವಿ. ನಾ ಕೊಟ್ಟಿದ್ದಿಲ್ಲ. ಒಳ್ಳೆ ಉಣ್ಣೆ ಕಂಬಳಿ, ಯಾಕ ಕೊಡ್ಲಿ ಅನಿಸ್ತು. ಇನ್ನೊಂದು ಕೇಳ್ರಿ, ಗದ್ದಿಗಿ ಮ್ಯಾಲೆ ಯಾರರ ಕುಂತ್ರು ಅಂದ್ರ, ಅವರು ತಾವಾಗಿ ಏಳೋ ಮಟ ಅದನ್ನ ಎಳಿಯಂಗಿಲ್ಲ. ಎಳದವರ ಮನಿ ಉಳಿಯಂಗಿಲ್ಲ."

ಇಷ್ಟು ಹೇಳಿ ಸುಂಕಮ್ಮ ಸುಣ್ಣದ ಡಬ್ಬಿ ಹುಡುಕಿದಳು.

"ನೀಲಗುಂದದ ದಾರಿ ಹಿಡಿದೆ. ಫೋನಿನಾಗ ದಾರಿ ಹೇಳೋ ಹೆಣ್ಮಗಳು 'ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿರಿ' ಅಂತ ವೈನಾಗಿ ಹೇಳ್ತಿದ್ಲು. ಊರು ದಾಟಿ ಎರಡು ಕಿಲೋಮೀಟರ್ ಆಗಿತ್ತೋ ಇಲ್ಲೋ, ಗಾಡಿ ಟಿಂಗ್ ಟಿಂಗ್ ಅನ್ನಾಕ ಹತ್ತಿತು. ಹುಲುಗೇಶಗ ಫೋನ್ ಹಚ್ಚಿದೆ. 'ಬಾಜು ಸೀಟಲ್ಲಿ ಕೂತೋರು ಬೆಲ್ಟ್ ಹಾಕಿಲ್ಲ ಅಂದ್ರೆ ಹಂಗ್ ಬಡ್ಕೊಳ್ಳುತ್ತೆ ಅಮ್ಮಾರೆ' ಅಂದ. ಯಾರೂ ಇಲ್ಲೋ ಅಂದೆ. 'ಹಂಗಾದ್ರೆ ಬ್ಯಾಗಿನ ಭಾರ ಇರ್ಬೇಕು' ಅಂದ. ಬ್ಯಾಗ್ ಹಿಂದ ಒಗದೆ. ಮಿರ್ಚಿ ಹಿಂದ ಒಗದೆ. ಟಿಂಗ್ ಟಿಂಗ್! ಸಿಟ್ಟು ಬಂತು, ಬೆಲ್ಟ್ ಎಳದು ಖಾಲಿ ಸೀಟಿಗೆ ಹಾಕಿದೆ. ಸದ್ದು ನಿಂತಿತು. ನಿಂತಿತು, ಆದ್ರ... ಖಾಲಿ ಸೀಟಿಗೆ ಹಾಕಿದ ಬೆಲ್ಟ್ ಹೆಂಗಿರಬೇಕು? ಸೀಟಿಗೆ ಅಂಟಿಕೊಂಡಿರಬೇಕಲ್ಲ? ಅದು ಸೀಟಿಂದ ಒಂದು ಗೇಣು ಮುಂದ ಉಬ್ಬಿ ನಿಂತಿತ್ತು. ಹೊಟ್ಟಿ ಇದ್ದ ಮನಿಷ್ಯಾನ ಮ್ಯಾಲೆ ಬಿಗದಂಗ. ಮತ್ತ... ಉಸಿರು ಆಡಿದಂಗ ಅದು ಸಣ್ಣಗ ಮ್ಯಾಲೆ ಕೆಳಗ ಆಗ್ತಿತ್ತು."

ಸೌಭಾಗ್ಯ ಮೇಣದ ಬತ್ತಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಗಾಡಿ ನಿಲ್ಲಸಲಿಲ್ಲೇನು ಅಜ್ಜಿ?" ಮೇಘಾ ಕೇಳಿದಳು.

"ಹೆಂಗ ನಿಲ್ಲಸಲಿ? ಹಿಂದ ಜ್ವಾಳದ ಟ್ರ್ಯಾಕ್ಟರ್ ಹಾರ್ನ್ ಹೊಡಿತಿತ್ತು. ಆವಾಗ ಒಂದು ಯೋಚನಿ ಬಂತವ್ವ ನನಗ... ನಾ ಈಗ ಅಂಜಿ ಗಾಡಿ ತಿರುಗಿಸಿದ್ರ, ನಲವತ್ತೆರಡು ವರ್ಷ ಕಾದಿದ್ದು ಅವತ್ತಿಗೇ ಮುಗೀತು. ಮತ್ತ ನಾ ಈ ಮನಿ ಹೊಸಲು ದಾಟಂಗಿಲ್ಲ. ಅದಕ್ಕ ಗೇರ್ ಏರಿಸಿದೆ. ಆವಾಗ ಬಂತು ಮೊದಲ ಮಾತು."

"ಕ್ಲಚ್ ಪೂರಾ ತುಳಿಯಲೇ. ಎಮ್ಮಿ ಮೂಳಿ ಮುರದಂಗ ಸದ್ದು ಬರ್ತೈತಿ."

ಈ ಸಲ ಪಂಚಾಕ್ಷರಪ್ಪ ನಗಲಿಲ್ಲ. ಯರ್ರಿಸ್ವಾಮಿ ಹೊಸ ಕ್ಲೀನರುಗಳನ್ನು ಬೈಯುತ್ತಿದ್ದದ್ದು ಇದೇ ಮಾತಿನಲ್ಲಿ. ಮೇಘಾ ದನಿಯನ್ನು ತನ್ನೊಳಗೇ ಆಡಿ ನೋಡಿದಳು, ಸಿಗಲಿಲ್ಲ. ಗಂಟಲಿನಿಂದ ಹೊರಡುವ ದನಿಯಲ್ಲ ಅದು, ಎದೆಗೂಡಿನ ತಳದಿಂದ ಬರಬೇಕು. ಇಷ್ಟು ಸಣ್ಣ ಮೈಯ ಅಜ್ಜಿ ಅಷ್ಟು ಆಳದಿಂದ ಅದನ್ನು ಹೇಗೆ ತೆಗೆಯುತ್ತಾಳೆ? ಕತ್ತಲಲ್ಲಿ ಅವಳ ಗಂಟಲನ್ನು ನೋಡಲು ಮೇಘಾ ಬಗ್ಗಿದಳು. ಕಂಡದ್ದು ಎಲೆ ಅಗಿಯುತ್ತಿದ್ದ ಕೆನ್ನೆ ಮಾತ್ರ.

ಮುಂದಿನ ಎರಡು ದಿನಗಳನ್ನು ಸುಂಕಮ್ಮ ನಗುತ್ತಲೇ ಹೇಳಿದಳು. ನೀಲಗುಂದದಲ್ಲಿ ಭೀಮೇಶ್ವರನ ಗುಡಿಯ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿದ್ದು, ಹರಪನಹಳ್ಳಿಯ ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ ತಣ್ಣಗಾದ ಮಿರ್ಚಿ ತಿಂದದ್ದು, ಪೇಟೆಯಲ್ಲಿ ರಾತ್ರಿ ಲಾಡ್ಜಿನ ಹುಡುಗಿ "ಒಬ್ಬರೇನಾ?" ಎಂದಾಗ ಉತ್ತರ ಕೊಡಲು ಒಂದು ಗಳಿಗೆ ತಡವರಿಸಿದ್ದು. ಹಗಲಿಡೀ ಬಾಜೂ ಸೀಟಿನಿಂದ ಅಪ್ಪಣೆಗಳು: ಇಲ್ಲಿ ಹಾರ್ನ್ ಹೊಡಿ, ಅಲ್ಲಿ ಗೇರ್ ಇಳಸು, ಸೌಟು ಹಿಡದಂಗ ಸ್ಟೇರಿಂಗ್ ಹಿಡಿಬ್ಯಾಡ. ಬಾಜೂ ಸೀಟಿನ ಮುಂದಿನ ಮ್ಯಾಟು ಬ್ರೇಕು ತುಳಿದಂತೆ ತಗ್ಗಾಗುತ್ತಿತ್ತು. ಆದರೆ ಆ ಕಡೆ ಬ್ರೇಕೇ ಇರಲಿಲ್ಲ. ಸುಂಕಮ್ಮನಿಗೆ ಅದನ್ನು ಕಂಡಾಗಲೆಲ್ಲ ಖುಷಿ. ಮೂರನೆಯ ದಿನ ಸಂಜೆ, ಕೂಡ್ಲಿಗಿಯ ದಾರಿಯಲ್ಲಿ, ಅಪ್ಪಣೆ ಬದಲಾಯಿತು.

"ಸಾಕು ತಿರುಗಿಸು. ಮನಿಯಾಗ ದೀಪ ಹಚ್ಚೋರಿಲ್ಲ. ಕೀಲಿ ಕೊಡು, ನಾ ಒಯ್ತೀನಿ ಗಾಡಿ."

"ಕೊಡಂಗಿಲ್ಲ ಅಂದೆ," ಎಂದಳು ಸುಂಕಮ್ಮ. "ನೋಡ್ರಿ ಸಾವ್ಕಾರ್ರೇ, ಹೊಳ್ಳಿ ಎರಡಕ್ಷರ ಅವರ ಮಾರಿಗೆ ನಾ ಅಂದಿದ್ದು ಜೀವನದಾಗ ಅದ ಮೊದಲು. ಅವರು ಬದುಕಿದ್ದಾಗ ಆಗ್ಲಿಲ್ಲ. ಅವರು ಸುಮ್ಮನಾದ್ರು. ಸುಮ್ಮನಾದ ಗಂಡಸಿಗೆ ಅಂಜಬೇಕವ್ವ ಮೇಘಾ, ಬಾಯಿ ಮಾಡೋರಿಗಲ್ಲ.

"ನಾಕನೇ ದಿನ ಅಂಕಸಮುದ್ರಕ್ಕ ಹೋದೆ. ಕೆರಿಯಾಗ ಜಾಲಿಗಿಡ ಅದಾವು, ಒಂದೊಂದು ಗಿಡದಾಗ ನೂರಾರು ಹಕ್ಕಿ. ಗಿಡ ಹಸರೋ ಬಿಳಿಯೋ ಅಂತ ತಿಳಿಯಂಗಿಲ್ಲ. ಅಲ್ಲಿಂದ ಮಧ್ಯಾಹ್ನ ಹಿನ್ನೀರು. ಯಪ್ಪಾ... ಅದನ್ನ ಹೆಂಗ ಹೇಳ್ಲಿ? ಬಿಸಲಾಗ ನೀರು ಬೆಳ್ಳಿ ತಟ್ಟಿ ಹಾಸಿದಂಗ, ಅಲಿ ಬಂದು ದಂಡಿಗೆ ಪಟ್ ಪಟ್ ಬಡಿತಾವು, ಆಚಿ ದಂಡಿ ಖರೇನ ಕಾಣಂಗಿಲ್ಲ. ಗಾಡಿ ಇಳಿಜಾರಿನ ಮ್ಯಾಲೆ ನಿಲ್ಲಿಸಿ, ಕೈಬ್ರೇಕ್ ಜಗ್ಗಿ, ಕೀಲಿ ಸೆರಗಿಗೆ ಕಟ್ಟಿಕೊಂಡು ನೀರಿನ ತನಕ ಹೋದೆ. ಕಾಲು ಇಟ್ಟೆ. ಎಷ್ಟು ಹೊತ್ತು ನಿಂತೆನೋ. ಅಳು ಬಂತು ನನಗ. ಇಷ್ಟೇ ದೂರ ಇತ್ತಲ್ಲ! ಮನಿಯಿಂದ ಒಂದು ತಾಸಿನ ದಾರಿ. ಇದನ್ನ ತೋರಸಾಕ ಒಬ್ಬ ಮನಿಷ್ಯಾಗ ನಲವತ್ತೆರಡು ವರ್ಷ ಸಾಲಲಿಲ್ಲೇನು?

"ತಿರುಗಿ ನೋಡಿದೆ. ಡ್ರೈವರ್ ಬಾಗಲು ತಗದಿತ್ತು. ಕಂಬಳಿ ಬಾಜೂ ಸೀಟಿನ ಮ್ಯಾಲೆ ಇದ್ದಿದ್ದಿಲ್ಲ. ನನ್ನ ಸೀಟಿನ ಮ್ಯಾಲೆ ಇತ್ತು. ನಾಕು ಮಡಿಕಿ, ಅಂಚಿಗೆ ಅಂಚು ಕೂಡಿಸಿ, ಅವರು ಲಾರಿಯಾಗ ಹಾಕ್ಕೊಳ್ಳೋರಲ್ಲ, ಬರೋಬ್ಬರಿ ಹಂಗ. ಸ್ಟೇರಿಂಗ್ ತಾನಾಗಿ ಸಣ್ಣಗ ತಿರುಗ್ತಿತ್ತು. ಕೈಬ್ರೇಕ್ ಕಟ್ ಅಂತ ಬಿಟ್ಟಿದ್ದು ನನಗ ನೀರಿನ ದಂಡಿತನಕ ಕೇಳಿಸ್ತು."

ಮಳೆ ಒಂದು ಕ್ಷಣ ತಗ್ಗಿತು. ಆ ತೆರಪಿನಲ್ಲಿ ದನಿ ಬಂತು; ಮೇಘಾ ಹುಟ್ಟಿದಾಗಿನಿಂದ ಅಜ್ಜನ ಬಾಯಲ್ಲಿ ಕೇಳದಷ್ಟು ಮೆತ್ತಗೆ.

"ಬಾ ಸುಂಕಿ. ಕರ್ಕೊಂಡು ಹೋಗ್ತೀನಿ ಅಂದಿದ್ದೆನಲ್ಲ? ಹಿನ್ನೀರು ತೋರಸ್ತೀನಿ ಬಾ. ಒಳಗಿಂದ ತೋರಸ್ತೀನಿ."

ಸೌಭಾಗ್ಯ ಬಾಯಿಗೆ ಸೆರಗು ಒತ್ತಿಕೊಂಡಳು. ಪಂಚಾಕ್ಷರಪ್ಪ ಶಿವ ಎನ್ನಲು ಹೋಗಿ, ಕತೆ ಹರಿದೀತೆಂದು ನುಂಗಿಕೊಂಡರು.

"ಗಾಡಿ ಉರುಳಾಕ ಹತ್ತಿತು," ಎಂದಳು ಸುಂಕಮ್ಮ. "ನೀವಾಗಿದ್ರ ಏನು ಮಾಡ್ತಿದ್ರಿ? ಓಡಿ ಹೋಗ್ತಿದ್ರಿ. ಬಾಜೂ ಸೀಟಿಗೆ ಹತ್ತಿದ್ರ ನೀರೊಳಗ ಹೋಗ್ತೀನಿ. ಕಂಬಳಿ ಎಳಿಯೋಣ ಅಂದ್ರ ಎಳಿಯಂಗಿಲ್ಲ, ಅವರು ಕುಂತಾರ. ಗಾಡಿ ಹೋದ್ರ ಹೋಗ್ಲಿ, ನಾ ಬಸ್ಸಿಗೆ ಮನಿಗೆ ಬರ್ಲೇನು? ಬಂದು ಮತ್ತ ಈ ಪಡಸಾಲ್ಯಾಗ ಕುಂತು, ಹೋಗಿದ್ದೆ, ಆಗ್ಲಿಲ್ಲ ಅಂತ ಸಾಯೋತನಕ ಹೇಳ್ಕೊಂತ ಇರ್ಲೇನು? ಓಡಿದೆ. ಸೀರಿ ಎತ್ತಿಕಟ್ಟಿ ಓಡಿದೆ. ಓಡೋ ಗಾಡಿ ಬಾಗಲು ಹಿಡಿದು... ಸೀದಾ ಅವರ ತೊಡಿ ಮ್ಯಾಲೆ ಕುಂತೆ."

"ಅಯ್ಯ ಅತ್ತಿ!" ಸೌಭಾಗ್ಯಳಿಗೆ ಹೆದರಿಕೆಯ ನಡುವೆಯೇ ನಗು ನುಗ್ಗಿತು.

"ನಗು, ನಗು. ನನಗೂ ಈಗ ನಗು ಬರ್ತೈತಿ. ಆವಾಗ ಬರ್ಲಿಲ್ಲ. ಬರೀ ಕಂಬಳಿ ಮ್ಯಾಲೆ ಕುಂತಂಗ ಇದ್ದಿದ್ದಿಲ್ಲವ್ವ ಅದು. ಬಾವ್ಯಾಗ ನೆನದ ಕಟ್ಟಿಗಿ ಮ್ಯಾಲೆ ಕುಂತಂಗ ತಣ್ಣಗ, ಗಟ್ಟಿ. ನನ್ನ ಪಾದದ ಕೆಳಗ ಇನ್ನೊಂದು ಜತಿ ಪಾದ. ಒಂದು ಪಾದ ಬ್ರೇಕ್ ತುಳಿಯಾಕ ಬಿಡವಲ್ದು, ನನ್ನ ಕೈ ಮ್ಯಾಲೆ ಕೈ, ಸ್ಟೇರಿಂಗ್ ನೀರಿನ ಕಡಿನ. ಮುಂದಿನ ಗಾಲಿ ನೀರಿಗೆ ಇಳದ್ವು. ನೀರು ಬಾಗಲ ಸಂದ್ಯಾಗ ಒಳಗ ಬಂತು. ಆವಾಗ ನಾ ಅಂದೆ. ಚೀರಲಿಲ್ಲ. ಅಡಿಗಿಮನ್ಯಾಗ ನಿಂತು ಉಪ್ಪು ತರ್ರಿ ಅಂತೀವಲ್ಲ, ಹಂಗ ಅಂದೆ... 'ನಿಮ್ಮ ಬಾಜೂಕ ಕುಂದ್ರಬೇಕು ಅಂತ ನಲವತ್ತೆರಡು ವರ್ಷ ಕಾದೆ. ನೀವು ಕುಂದರಸಲಿಲ್ಲ. ಈಗ ನಾ ಕುಂದರಸ್ತೀನಿ ನಿಮ್ಮನ್ನ. ಅದು ಬ್ಯಾಡಾದ್ರ ಇಳೀರಿ, ಈ ನೀರಾಗ ಒಬ್ಬರ ಇಲ್ಲೇ ಇರ್ರಿ. ನಾ ಮಾತ್ರ ಗಾಡಿ ಬಿಟ್ಟು ಇಳಿಯಂಗಿಲ್ಲ. ಮುಣಗಿದ್ರ ಮುಣಗಲಿ, ಸ್ಟೇರಿಂಗ್ ನನ್ನ ಕೈಯಾಗ ಹಿಡ್ಕೊಂಡು ಮುಣಗ್ತೀನಿ.'

"ಎಷ್ಟು ಹೊತ್ತು? ಗೊತ್ತಿಲ್ಲ. ನೀರು ಮೊಣಕಾಲಿಗೆ ಬಂದಿತ್ತು. ಆಮ್ಯಾಲೆ... ಕೆಳಗಿನ ಪಾದ ಒಂದೊಂದಾಗಿ ಸರದ್ವು. ತಣ್ಣನ ಭಾರ ಎಡಕ್ಕ ಜರುಗಿತು. ಕಂಬಳಿ ನನ್ನ ಕೆಳಗಿಂದ ತಾನಾಗಿ ಎಳಕೊಂಡು ಹೋಗಿ ಬಾಜೂ ಸೀಟಿನ ಮ್ಯಾಲೆ ಹಾಸ್ಕೊಂತು. ಸೆರಗಿನ ಗಂಟು ಬಿಚ್ಚಿ ಕೀಲಿ ಹಾಕಿ ತಿರುವಿದೆ, ಎರಡು ಸಲ ಕೆಮ್ಮಿ ಗಾಡಿ ಚಾಲೂ ಆತು. ರಿವರ್ಸ್ ನನಗ ಬರೋಬ್ಬರಿ ಬರ್ತಿದ್ದಿಲ್ಲ ನೋಡ್ರಿ. ಅವತ್ತು ಬಂತು. ಬಾಜೂಕಿಂದ ಒಂದು ಮಾತಿಲ್ಲ, ಹಂಗ ಮಾಡು ಅಂತಿಲ್ಲ, ಹಿಂಗ ಮಾಡು ಅಂತಿಲ್ಲ."

ಹಡಗಲಿಯ ದಾರಿಯಲ್ಲಿ ಒಣಗಿಕೊಂಡು, ಐದನೆಯ ದಿನ ಅವಳು ಮೈಲಾರ ತಲುಪಿದ್ದಳು. ಗುಡಿಯ ಮುಂದೆ ಕರಿ ಕಂಬಳಿ ಹೊದ್ದು ಡಮರುಗ ಹಿಡಿದ ಮುದುಕ ಗೊರವ ಒಬ್ಬ ಕಾರಿನ ಎಡಗಡೆ ಬಂದು ನಿಂತು, ಗಾಜಿನೊಳಗೆ ನೋಡಿ, ಹಣೆ ಮುಟ್ಟಿಕೊಂಡನಂತೆ. "'ಅವ್ವಾ, ಹಿರಿಯರನ್ನ ಕುಂದರಿಸಿಕೊಂಡು ತಿರಗಾಕ ಹತ್ತೀಯಲ್ಲ? ಆ ಗದ್ದಿಗಿ ನನಗ ಕೊಡು, ಭಂಡಾರದ ಅರಿಷಿಣ ಹಾಕಿ ಎಬ್ಬಸ್ತೀನಿ. ಹೋಗ್ಲಿ ಅವರು' ಅಂದ. ಕೊಟ್ಟಿದ್ರ ಅವತ್ತಿಗೆ ಎಲ್ಲಾ ಮುಗೀತಿತ್ತು. ಕಂಬಳಿಗೆ ಕೈ ಹಚ್ಚಿದೆ, ಖರೇ. ಆದ್ರ ಬ್ಯಾಡ ಅನಿಸ್ತು. ನನ್ನ ಟೂರು ಇನ್ನ ಎರಡು ದಿನ ಐತಪ್ಪ, ಇವರು ಪೂರಾ ನೋಡ್ಲಿ ಅಂದೆ. ಬಾಜೂ ಸೀಟಿನಿಂದ ಜಗತ್ತು ಹೆಂಗ ಕಾಣ್ತೈತಿ ಅಂತ ಇವರಿಗೆ ತಿಳೀಲಿ."

"ಎರಡು ದಿನ ಆದ ಮ್ಯಾಲೆ ಕೊಟ್ಟಿ?" ಪಂಚಾಕ್ಷರಪ್ಪ ಕೇಳಿದರು.

"ಆದ ಮ್ಯಾಲೆ ನಾ ಈ ಹಳೇ ಕಾರು ಕೊಂಡೆ."

ಪಂಚಾಕ್ಷರಪ್ಪ ಧೈರ್ಯ ಕೂಡಿಸಿಕೊಂಡು ನಗೆ ತಂದುಕೊಂಡರು. "ಕತಿ ಚಂದ ಕಟ್ತಿ ಬಿಡವ್ವ. ಅದರಾಗ ಯರ್ರಿಸ್ವಾಮಿ ದನಿ ಅಂತೂ... ಕಣ್ಣು ಮುಚ್ಚಿದ್ರ ಅವನ ಬಂದು ಬಾಜೂಕ ಕುಂತಂಗ ಆತು. ಇನ್ನೊಮ್ಮೆ ಮಾಡು ನೋಡೂಣು, ಯಾವಾಗ ಕಲ್ತಿ ಅದನ್ನ?"

ಸುಂಕಮ್ಮ ಎದ್ದು ಬಾಗಿಲಿಗೆ ಹೋಗಿ ಎಲೆಯ ರಸ ಉಗಿದು ಬಂದಳು. ಇಷ್ಟು ಹೊತ್ತು ಬಾಯಿ ತುಂಬ ಅದು ಇತ್ತೆಂಬುದು ಮೇಘಾಗೆ ಆಗ ಹೊಳೆಯಿತು.

"ನಾ ಎಲ್ಲಿ ಮಾಡ್ದೆ ಸಾವ್ಕಾರ್ರೇ? ಹುಲುಗೇಶಂದು ನಾ ಮಾಡಿದ್ದು. ಫೋನಿನಾಕಿದು ನಾ ಮಾಡಿದ್ದು. ಅವು ಹೆಂಗಿದ್ವು ಅಂತ ನೀವ ನಕ್ರಿ." ಅವಳು ನಿಧಾನವಾಗಿ ಕೂತು ಸೀರೆ ಸರಿಮಾಡಿಕೊಂಡಳು. "ಗಾಡಿ ಗಾಜು ಪೂರಾ ಮುಚ್ಚಂಗಿಲ್ರಿ, ಮಳಿಗೆ ತೋಯ್ತೈತಿ ಅಂತ ಅವರು ತಾವಾಗಿ ಎದ್ರು. ಕಂಬಳಿ ಒಳಗ ತಂದು, ನೀವು ಬರೋಕಿಂತ ಮೊದಲ ಈಗ ನೀವು ಕುಂತ ಜಾಗದ ಬಾಜೂಕ ಹಾಸೀನಿ."

ಪಂಚಾಕ್ಷರಪ್ಪ ಸರಿಯಲು ನೋಡಿದರು. ಎಡಕ್ಕೋ ಬಲಕ್ಕೋ ಎಂದು ತಿಳಿಯದೆ ಕೂತಲ್ಲೇ ಉಳಿದರು. ಮೇಣದ ಬತ್ತಿ ಎತ್ತಲು ಮೇಘಾಳ ಕೈ ಏಳಲಿಲ್ಲ.

"ಅವರು ಅಂದಿದ್ದನ್ನ ನಲವತ್ತೆರಡು ವರ್ಷ ನಾನೂ ಅಂದೀನಿ. ಅವರು ಹೂಂ ಅಂದ್ರ ನಾನೂ ಹೂಂ, ಬ್ಯಾಡ ಅಂದ್ರ ನಾನೂ ಬ್ಯಾಡ. ಈಗ ಅವರ ಮಾತಿಗೆ ನಾ ಯಾಕ ಬಾಯಿ ಕೊಡ್ಲಿ? ಏನರ ಅನ್ನೋದಿದ್ರ ಅವರ ಅಂತಾರ... ಅಂದಾರಲ್ಲ, ನೀವೂ ಕೇಳೀರಲ್ಲ. ಕುಂದರ್ಲಿ, ಮಾತಾಡ್ಲಿ, ನನ್ನದೇನು ತಕರಾರಿಲ್ಲ. ಕೀಲಿ ಮಾತ್ರ ಕೊಡಂಗಿಲ್ರಿ. ನಿಮಗೂ ಇಲ್ಲ, ಅವರಿಗೂ ಇಲ್ಲ."